ದೋಣಿಯ ಹಿಂದಿನ ಸೀಟು

"ಎಡಕ್ಕೆ ಅಮ್ಮಾ, ಎಡಕ್ಕೆ! ಮುಂದೆ ಬಂಡೆ ಇದೆ!"

ಅಮ್ಮ ಎಡಕ್ಕೇ ತಿರುಗಿಸಿದಳು. ದೋಣಿ ಹೋಗಿ ಬಂಡೆಗೆ ಢಂ ಎಂದು ಬಡಿಯಿತು. ಪಟಾಕಿ ಲೈಫ್ ಜಾಕೆಟ್ ಸಮೇತ ಸೀಟಿನಿಂದ ಕೆಳಗೆ ಜಾರಿದಳು.

ಹತ್ತು ವರ್ಷದ ಈ ಹುಡುಗಿ ಮನೆಯವರಿಗೆಲ್ಲ ಪಟಾಕಿಯೇ. ಬಾಯಿ ತೆರೆದಳೆಂದರೆ ಮುಗಿಯಿತು.

ಪ್ರತಿ ರಜೆಗೂ ಅವರು ಬೆಟ್ಟದ ಮೇಲಿನ ಈ ಸರೋವರಕ್ಕೆ ಬರುತ್ತಿದ್ದರು. ಹುಟ್ಟು ಹಾಕುವುದು ಅಮ್ಮ. ಹುಟ್ಟು ಹಾಕುವವರು ದೋಣಿ ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರಬೇಕು. ಮುಂದೇನಿದೆ ಎಂದು ಹೇಳುವ ಕೆಲಸ ಎದುರಿಗೆ, ಹಿಂದಿನ ಸೀಟಿನಲ್ಲಿ ಕೂತವರದು. ಅದು ಯಾವಾಗಲೂ ಅಕ್ಕನ ಸೀಟು. ಪಟಾಕಿಗೆ ಅಮ್ಮನ ಬೆನ್ನ ಹಿಂದೆ, ದೋಣಿಯ ಮುಂದಿನ ತುದಿಯಲ್ಲಿ ಜಾಗ. ಮಹಾರಾಣಿಯ ಹಾಗೆ ಆರ್ಡರ್ ಮಾಡುವ ಅಕ್ಕನ ಮೇಲೆ ಇವಳಿಗೆ ಹೊಟ್ಟೆಕಿಚ್ಚೋ ಹೊಟ್ಟೆಕಿಚ್ಚು. ಈ ಸಲ ಅಕ್ಕ ಹಾಸ್ಟೆಲ್‌ನಲ್ಲಿ. ಸೀಟು ಕೊನೆಗೂ ಸಿಕ್ಕಿತ್ತು.

"ವಾಪಸ್ ಹೋಗೋಣ ಬಿಡು," ಅಂದಳು ಅಮ್ಮ. "ಆಚೆ ದಡಕ್ಕೆ ಅಕ್ಕ ಬಂದಾಗ ಹೋದ್ರಾಯ್ತು."

ಪಟಾಕಿಗೆ ಅಳು ಬಂತು. "ನಾನು ಎಡಕ್ಕೆ ಅಂತ ಸರಿಯಾಗೇ ಹೇಳಿದ್ನಲ್ಲಾ!"

"ನಾನೂ ಎಡಕ್ಕೇ ತಿರುಗಿಸಿದ್ನಲ್ಲೇ, ತಾಯಿ!"

ಇಬ್ಬರೂ ಎಡಗೈ ಎತ್ತಿ ತೋರಿಸಿದರು. ಒಂದು ಕೈ ಆ ಕಡೆ, ಇನ್ನೊಂದು ಈ ಕಡೆ. ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಪಟಾಕಿ ನಗಲಿಲ್ಲ. ಅಕ್ಕ ಇಷ್ಟು ವರ್ಷ ಒಂದು ಸಲವೂ ತಪ್ಪು ಹೇಳಿರಲಿಲ್ಲವಲ್ಲ, ಹೇಗೆ?

"ಇನ್ನೊಂದೇ ಚಾನ್ಸ್ ಕೊಡಮ್ಮಾ, ಪ್ಲೀಸ್!"

ಅಮ್ಮ ಹುಟ್ಟಿನಿಂದ ಬಂಡೆಯನ್ನು ನೂಕಿ ದೋಣಿ ಬಿಡಿಸಿಕೊಂಡಳು. ಪಟಾಕಿ ಈಗ ಬಾಯಿ ತೆರೆಯುವ ಮೊದಲು ಅಮ್ಮನ ಕೈಗಳನ್ನು ನೋಡಿಕೊಂಡಳು. "ನಿನ್ನ ಬಲಕ್ಕಮ್ಮಾ... ಸಾಕು. ನೇರ... ಈಗ ನಿನ್ನ ಎಡಕ್ಕೆ, ಸ್ವಲ್ಪವೇ." ಮುಂದೆ ನೋಡು, ಅಮ್ಮನನ್ನು ನೋಡು, ಮತ್ತೆ ಮುಂದೆ ನೋಡು. ಪಕ್ಕದಲ್ಲೇ ಯಾವುದೋ ಹಕ್ಕಿ ಪಟಪಟ ರೆಕ್ಕೆ ಬಡಿದು ಎದ್ದಿತು. ತಿರುಗಿ ನೋಡಲು ಪುರುಸೊತ್ತೇ ಆಗಲಿಲ್ಲ.

ದೋಣಿ ಆಚೆ ದಡದ ಮರಳಿಗೆ ಮೆತ್ತಗೆ ತಾಗಿತು. ಅಮ್ಮ ಫೋನ್ ತೆಗೆದಳು.

"ನಿಲ್ಲು, ಈ ಸೀಟಲ್ಲಿ ನಿಂದೊಂದು ಫೋಟೊ. ಅಕ್ಕನಿಗೆ ಕಳಿಸೋಣ."

ಪಟಾಕಿ ಎದ್ದು ದಡಕ್ಕೆ ಇಳಿದಳು. ಸರೋವರದ ಕಡೆ ತಿರುಗಿ, ನೀರಿನಲ್ಲಿ ತಲೆಕೆಳಗಾಗಿದ್ದ ಬೆಟ್ಟವನ್ನು ನೋಡಿದಳು.

"ನನ್ನದು ಬೇಡಮ್ಮಾ. ನೀರಲ್ಲಿ ಬೆಟ್ಟ ಕಾಣೋ ಹಾಗೆ ತೆಗಿ. ಅಕ್ಕ ಅದನ್ನ ನೋಡೇ ಇಲ್ಲ."

"ಐದು ವರ್ಷದಿಂದ ಬರ್ತಿದ್ದಾಳೆ, ನೋಡದೆ ಇರ್ತಾಳೇನೇ?"

"ಎಲ್ಲಿ ನೋಡ್ತಾಳೆ? ಆ ಸೀಟಲ್ಲಿ ಪುರುಸೊತ್ತೇ ಇರಲ್ಲ." ಪಟಾಕಿಯ ದನಿ ಸಣ್ಣದಾಗಿತ್ತು. "ಚೆನ್ನಾಗಿ ಕಾಣೋ ಜಾಗದಲ್ಲಿ ನಾನು ಕೂತಿದ್ದೆ."