ಲೊಡಲೊಡ ಅಂದ ಕಾಯಿ

ಹೆಣ್ಣು ನೋಡಲು ಬಂದು, ಕೇಸರಿಬಾತನ್ನು ಎರಡೆರಡು ಸಲ ಹಾಕಿಸಿಕೊಂಡು, "ತಿಳಿಸ್ತೀವಿ" ಎಂದು ಹೋದ ಮನುಷ್ಯ ಒಂದು ವರ್ಷ ಏನನ್ನೂ ತಿಳಿಸದೆ, ಕೊನೆಗೆ ನಮ್ಮೂರ ಕೆರೆಯಲ್ಲೇ ಒದ್ದೆ ಚಡ್ಡಿಯಲ್ಲಿ ನಿಂತು ನನ್ನ ಅಕ್ಕನ ಮಗಳಿಗೆ "ಮಂಡಿ ಮಡಚು ಪುಟ್ಟಿ" ಎನ್ನುತ್ತಿದ್ದರೆ ನಿಮಗೆ ಹೇಗಾಗುತ್ತದೆ? ನನಗಂತೂ ಮೈಯೆಲ್ಲ ಉರಿಯಿತು.

ಅವನ ಹೆಸರು ಬಸವಕುಮಾರ್. ಅರಳಗುಪ್ಪೆಯವನು. ಯಾವುದೋ ಅಣೆಕಟ್ಟಿನ ಹಿನ್ನೀರಿನಲ್ಲಿ ಪ್ರವಾಸಿಗರಿಗೆ ನೀರಿನ ಆಟಗಳನ್ನು ಕಲಿಸುವ ಕೆಲಸದಲ್ಲಿದ್ದ. ಈ ಬೇಸಿಗೆಯಲ್ಲಿ ನಮ್ಮ ಕಂದಿಕೆರೆಯ ಕೆರೆಗೆ ನಾಲೆ ನೀರು ತುಂಬಿದ್ದೇ ತಡ, ಹಳೇ ಬೈಕಿನ ಇಂಜಿನ್‌ಗೆ ಹಗ್ಗ ಸುತ್ತುವ ಡ್ರಮ್ಮು ಕೂರಿಸಿಕೊಂಡು ಬಂದ. ಮಕ್ಕಳಿಗೆ ವೇಕ್‌ಬೋರ್ಡ್ ಕಲಿಸುತ್ತಾನಂತೆ. ಕಾಲಿಗೆ ಹಲಗೆ ಬಿಗಿದುಕೊಂಡು, ಹಗ್ಗ ಹಿಡಿದು ನೀರಿನಲ್ಲಿ ಕೂರಬೇಕು. ಆಚೆ ದಡದ ಇಂಜಿನ್ ಹಗ್ಗವನ್ನು ಎಳೆದಾಗ ಎದ್ದು ನಿಂತು ನೀರ ಮೇಲೆ ಜಾರಿಕೊಂಡು ಬರಬೇಕು. ಅಷ್ಟಕ್ಕೇ ಊರಿನ ಮಕ್ಕಳೆಲ್ಲ ಹುಚ್ಚೆದ್ದು ಕುಣಿದರು. ಪ್ರತಿ ಬೇಸಿಗೆ ರಜೆಗೂ ನಮ್ಮಲ್ಲಿಗೆ ಬರುವ ಅಕ್ಕನ ಮಗಳು ಜೀವಿತಾಳಂತೂ ಅನ್ನ ನೀರು ಬಿಟ್ಟಳು.

"ಮನೆಯೋರು ಯಾರಾದ್ರೂ ಜೊತೇಲಿ ಇರ್ಲೇಬೇಕಂತೆ. ನೀನೇ ಹೋಗವ್ವ ಭಾನು," ಎಂದರು ಅಪ್ಪ.

"ಅವ್ನ ಮುಂದೆ ಹೋಗಿ ನಾನು ಕೂತ್ಕೋಬೇಕಾ?"

"ಹಳೇದೆಲ್ಲ ಬುಡು. ಮಗು ಆಸೆ ಪಡ್ತಾ ಅವಳೆ."

ಹಳೆಯದಂತೆ! ನಾನು ಹಾಲಿನ ಡೈರಿಯಲ್ಲಿ ಫ್ಯಾಟ್ ನೋಡುವವಳು. ಹಾಲಿಗೆ ನೀರು ಬೆರೆಸಿದವರನ್ನು ಕ್ಯಾನಿನ ಮುಚ್ಚಳ ತೆಗೆಯುವ ಮೊದಲೇ, ಮುಖ ನೋಡಿಯೇ ಹಿಡಿಯುತ್ತೇನೆ. ಅವತ್ತು ಈ ಮನುಷ್ಯನ ಮುಖದಲ್ಲಿ ಯಾವ ಬೆರಕೆಯೂ ಕಂಡಿರಲಿಲ್ಲ. ನಾನು ಕಾಫಿ ಕೊಟ್ಟಾಗ, "ನೀವೂ ತಗೊಳ್ಳಿ, ನಿಮ್ಮನ್ನ ನಿಲ್ಸಿ ನಾನೊಬ್ನೇ ಕುಡಿಯೋದು ಚೆನ್ನಾಗಿರಲ್ಲ," ಎಂದಿದ್ದ. ನೋಡಲು ಬಂದ ಯಾವ ಗಂಡೂ ಹಾಗೆ ಹೇಳಿರಲಿಲ್ಲ. ಅವರ ಕಾರು ನಮ್ಮ ಬೀದಿ ದಾಟುವ ಮೊದಲೇ ನಾನು ಮನಸ್ಸಿನಲ್ಲಿ ಅರಳಗುಪ್ಪೆಗೆ ಹೋಗಿ ಹಾಲು ಉಕ್ಕಿಸಿಬಿಟ್ಟಿದ್ದೆ.

ಆಮೇಲೆ ಒಂದು ಫೋನೂ ಇಲ್ಲ. ಬೇಡ ಎಂದಿದ್ದರೆ ಅತ್ತು ಸುಮ್ಮನಾಗುತ್ತಿದ್ದೆ. ಯಾಕೆ ಬೇಡವಾದೆ ಎನ್ನುವುದೊಂದು ಗೊತ್ತಾಗಬೇಕಿತ್ತು. ಬಾಯಿಬಿಟ್ಟು ಕೇಳುವಷ್ಟು ಮಾನಗೆಟ್ಟವಳೂ ನಾನಲ್ಲ.

ಕೆರೆ ಏರಿಯ ಹೊಂಗೆ ಮರದ ಕೆಳಗೆ ಹೋಗಿ ಕೂತೆ.

"ಚೆನ್ನಾಗಿದೀರಾ?" ಎಂದ.

"ಕಾಣ್ತಾ ಇಲ್ವಾ?"

"ಕಾಣ್ತಾ ಇದೀರಿ," ಎಂದು, ಸ್ವಲ್ಪ ಹೊತ್ತು ನೋಡಿಯೇ ಅತ್ತ ತಿರುಗಿದ. ನಾನು ಸೆರಗೂ ಇಲ್ಲದ ಚೂಡಿದಾರದಲ್ಲಿ ಸೆರಗು ಸರಿಮಾಡಿಕೊಳ್ಳಲು ಹೋದೆ. ಅದಕ್ಕೂ ಅವನ ಮೇಲೇ ಸಿಟ್ಟು ಬಂತು.

ಜೀವಿತಾ ದಿನಾ ಬೀಳುತ್ತಿದ್ದಳು. ಹಗ್ಗ ಬಿಗಿಯಾದ ಕೂಡಲೇ ಗಾಬರಿಯಿಂದ ಅದನ್ನು ಎದೆಗೆ ಎಳೆದುಕೊಳ್ಳುವಳು. ಹಲಗೆ ನೀರಿಗೆ ಚುಚ್ಚಿ, ಮೂಗು ಮುಂದಾಗಿ ದಬಕ್ಕೆಂದು ಮಗುಚಿಕೊಳ್ಳುವಳು. ಲೈಫ್ ಜಾಕೆಟ್ ಅವಳನ್ನು ಬೆಂಡಿನ ಹಾಗೆ ಮೇಲಕ್ಕೆ ತರುತ್ತಿತ್ತು. ಅವನು ಒಂದು ದಿನವೂ ರೇಗಲಿಲ್ಲ. ಏರಿಯ ಮೇಲೆ ಅವಳ ಎದುರು ತಾನೂ ಕುಕ್ಕರುಗಾಲಿನಲ್ಲಿ ಕೂತು, ಟವೆಲ್ಲಿನ ಒಂದು ತುದಿ ಅವಳ ಕೈಗೆ ಕೊಟ್ಟು, ಇನ್ನೊಂದು ತುದಿ ಹಿಡಿದು ನಿಧಾನಕ್ಕೆ ಎತ್ತಿ ನಿಲ್ಲಿಸುತ್ತಿದ್ದ.

"ನೀನು ಹಗ್ಗ ಎಳೀಬೇಡ ಕಣವ್ವ, ಹಗ್ಗ ನಿನ್ನ ಎಳೀಲಿ. ಕೈ ನೆಟ್ಟಗಿರ್ಲಿ. ಏಳೋಕೆ ಅವಸರ ಮಾಡ್ಬೇಡ, ಕೂತಂಗೇ ಕೂತಿರು. ನೀರೇ ನಿನ್ನ ಎತ್ತುತ್ತೆ."

ಚೆನ್ನಾಗಿ ಕಲಿಸುತ್ತಿದ್ದ. ಅದೂ ನನಗೆ ಸಿಟ್ಟೇ. ಇಷ್ಟು ತಾಳ್ಮೆ ಇರುವವನಿಗೆ ಒಂದು ಫೋನ್ ಮಾಡುವಷ್ಟು ಮರ್ಯಾದೆ ಇರಲಿಲ್ಲವೇ?

ಒಂದು ದಿನ ಇಂಜಿನ್ ನೋಡಿಕೊಳ್ಳುವ ಶಿವಣ್ಣ ಯಾರದೋ ಮದುವೆಗೆ ಹೋಗಿಬಿಟ್ಟ. ಬಸವಕುಮಾರ್ ನನ್ನ ಹತ್ತಿರ ಬಂದ.

"ಆಕ್ಸಿಲರೇಟರ್ ಹಿಡೀತೀರಾ? ನಾನು ಕೈ ಎತ್ತಿದಾಗ ನಿಧಾನಕ್ಕೆ ಕೊಡ್ಬೇಕು. ಜೀವಿತಾ ಬಿದ್ರೆ ತಕ್ಷಣ ಬಿಟ್ಬಿಡ್ಬೇಕು, ಅಷ್ಟೆ."

ಇಂಜಿನ್ ಹತ್ತಿರ ಕರೆದೊಯ್ದು, ತಿರುವುವುದು ಹೇಗೆಂದು ತೋರಿಸಿದ. ಅವನ ತೋಳಿನಿಂದ ಇಳಿದ ನೀರು ನನ್ನ ಮಣಿಕಟ್ಟಿನ ಮೇಲೆ ಬಿತ್ತು. ನಾನು ಒರೆಸಿಕೊಳ್ಳಲಿಲ್ಲ. ಅವನು ಅದನ್ನು ನೋಡಿದ. ನೋಡಿದನಲ್ಲ ಎಂದು ನನಗೆ ರೇಗಿತು. ಅವನು ಆ ಕಡೆಯ ದಡಕ್ಕೆ ಹೋಗಿ, ಜೀವಿತಾಳನ್ನು ನೀರಿನಲ್ಲಿ ಕೂರಿಸಿ, ಕೈ ಎತ್ತಿದ. ಒಂದು ವರ್ಷದ ಸಿಟ್ಟನ್ನೆಲ್ಲ ಸೇರಿಸಿ ತಿರುವಿದೆ. ಮಗು ಕಪ್ಪೆಯಂತೆ ಹಾರಿ ಬಿದ್ದಿತು.

ಅವಳ ಕೈಹಿಡಿದುಕೊಂಡು ಏರಿಯ ಮೇಲೆ ದಾಪುಗಾಲಿನಲ್ಲಿ ಬಂದ.

"ನನ್ನ ಮೇಲೆ ಸಿಟ್ಟಿದ್ರೆ ನನ್ನ ಮೇಲೆ ತೀರಿಸ್ಕಳಿ. ಹಗ್ಗದ ಮೇಲೆ ಬೇಡ."

"ನಿಮ್ಮ ಮೇಲೆ ನಂಗ್ಯಾಕ್ರೀ ಸಿಟ್ಟು? ನೀವ್ಯಾರು ನಂಗೆ? ಹೊಟ್ಟೆತುಂಬ ಕೇಸರಿಬಾತ್ ತಿಂದು, ತಿಳಿಸ್ತೀವಿ ಅಂತ ಹೋದೋರು ತಾನೆ?"

ಅವನ ಮುಖ ಕೆಂಪಗಾಯಿತು. "ನಾವೇನ್ರೀ ತಿಳ್ಸೋದು? ಒಣಕಾಯಿ ಕೊಟ್ಟು ನೀವೇ ತಿಳಿಸಿದ್ರಲ್ಲ!"

"ಏನ್ ಕಾಯಿ?"

"ತಾಂಬೂಲದ ಕಾಯಿ ಕಣ್ರೀ! ಕಿಬ್ಬನಹಳ್ಳಿ ಹಂಪ್ ಹತ್ತಿಳಿಯೋವಾಗ ಚೀಲದೊಳಗೆ ಲೊಡಲೊಡ ಅಂತು. ಮನೆಗೆ ಹೋಗಿ ಒಡೆದ್ರೆ ಒಂದು ತೊಟ್ಟು ನೀರಿಲ್ಲ, ಬರೀ ಕೊಬ್ಬರಿ. ತೋಟದ ತುಂಬ ಕಾಯಿ ಇಟ್ಕೊಂಡಿರೋರು ತಾಂಬೂಲಕ್ಕೆ ನೀರಿಲ್ದಿರೋ ಕಾಯಿ ಕೊಡ್ತಾರಾ? ಸಂಬಂಧ ಬೇಡ ಅನ್ನೋಕೇ ಹಿಂಗೆ ಮಾಡವ್ರೆ ಅಂತ ನಮ್ಮವ್ವ ಅತ್ತೇಬುಟ್ರು. ಆ ಮನೆಗೆ ಫೋನ್ ಮಾಡಿದ್ರೆ ನನ್ನಾಣೆ ಅಂದ್ರು."

ಆಗ ಟವೆಲ್ಲಿನೊಳಗೆ ನಡುಗುತ್ತಿದ್ದ ಜೀವಿತಾ ತಲೆ ಎತ್ತಿದಳು.

"ಆ ಕಾಯಿ ತಂದುಕೊಟ್ಟಿದ್ದು ನಾನು ಚಿಕ್ಕಿ."

"ಎಲ್ಲಿಂದ?"

"ಅಟ್ಟದಿಂದ ಇಳ್ಸಿ, ಸುಲ್ದು ಜಗಲಿ ಮೇಲೆ ರಾಶಿ ಹಾಕಿದ್ರಲ್ಲ, ಅದ್ರಲ್ಲಿ. ಜುಟ್ಟು ಇರೋವನ್ನೆಲ್ಲ ಅಲ್ಲಾಡ್ಸಿ ನೋಡಿ, ಜೋರಾಗಿ ಲೊಡಲೊಡ ಅನ್ನೋದನ್ನೇ ತಂದೆ. ಲೊಡಲೊಡ ಅಂದ್ರೇನೇ ಒಳ್ಳೇ ಕಾಯಿ ಅಂತ ತಾತ ಯಾವಾಗ್ಲೂ ಹೇಳ್ತಾರಲ್ಲ. ಸರ್ ನಂಗೆ ಇಷ್ಟ ಆಗಿದ್ರು. ಅದಕ್ಕೇ ಒಳ್ಳೇದು ಕೊಟ್ಟೆ."

ಅಪ್ಪ ಹೇಳುತ್ತಿದ್ದದ್ದು ನಿಜವೇ. ನಮ್ಮ ಕಡೆ ಕೊಬ್ಬರಿಯ ಕಾಯನ್ನು ವರ್ಷಗಟ್ಟಲೆ ಅಟ್ಟದಲ್ಲಿಟ್ಟು ಕಾಯುತ್ತೇವೆ. ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಸದ್ದು ಮಾಡಿದರೇನೇ ಅದು ಹದಕ್ಕೆ ಬಂದ ಹಾಗೆ. ಮಗು ತನಗೆ ಗೊತ್ತಿದ್ದ ಅತ್ಯುತ್ತಮವಾದದ್ದನ್ನೇ ಆರಿಸಿ ಕೊಟ್ಟಿತ್ತು.

ಬಸವಕುಮಾರ್ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ನನಗೆ ಕಣ್ಣಲ್ಲಿ ನೀರು ಬಂತು, ಸಿಟ್ಟು ನೆತ್ತಿಗೇರಿತು.

"ನಗ್ತೀರಾ? ಒಂದು ಕಾಯಿಗೆ ಒಂದು ವರ್ಷ! ನನ್ನ ಬಣ್ಣ ಸರಿಯಿಲ್ವಾ, ನನ್ನ ಮಾತು ಜಾಸ್ತಿ ಆಯ್ತಾ ಅಂತ ದಿನಾ ಕನ್ನಡಿ ಮುಂದೆ ನಿಂತು ಸತ್ತೆ ನಾನು. ನಿಮ್ಮವ್ವ ಆಣೆ ಹಾಕಿದ್ದು ಫೋನಿಗೆ ತಾನೆ? ಕಾಲಿಗೂ ಹಾಕಿದ್ರಾ? ಡೈರಿಗೆ ಊರೆಲ್ಲ ಬರುತ್ತೆ, ನೀವೊಬ್ರು ಬರಕ್ಕಾಗ್ಲಿಲ್ವಾ?"

ಅವನ ನಗು ನಿಂತಿತು.

"ಬಂದೆನಲ್ಲ," ಎಂದ ಮೆಲ್ಲಗೆ. "ಈ ಸಲ ಎಷ್ಟೊಂದು ಕೆರೆ ತುಂಬವೆ. ಈ ಇಂಜಿನ್ ಹೊತ್ಕೊಂಡು ಕಂದಿಕೆರೆಗೇ ಯಾಕೆ ಬಂದೆ ಅನ್ಕೊಂಡ್ರಿ?"

ಏನಾದರೂ ಹೇಳಲೇಬೇಕಲ್ಲ ಎಂದು ಕೇಳಿದೆ, "ಆ ಕೊಬ್ಬರಿ ಏನ್ಮಾಡಿದ್ರಿ?"

"ತಿಂದೆ. ಬೆಲ್ಲದ ಜೊತೆ. ತುಂಬ ಚೆನ್ನಾಗಿತ್ತು."

"ತಿಂದ್ಬಿಟ್ರಾ!"

"ಸರ್, ಜಗಳ ಆಮೇಲೆ ಆಡಿ," ಎಂದಳು ಜೀವಿತಾ. "ಚಳಿ ಆಗ್ತಾ ಇದೆ. ಇನ್ನೊಂದ್ಸಲ ನೋಡೋಣ."

ಇಬ್ಬರೂ ಮತ್ತೆ ಆ ದಡಕ್ಕೆ ಹೋದರು. ಅವನು ಕೈ ಎತ್ತಿದ. ಈ ಸಲ ನಾನು ಹಾಲು ಉಕ್ಕದ ಹಾಗೆ ಉರಿ ನೋಡಿಕೊಳ್ಳುವವಳಂತೆ ನಿಧಾನವಾಗಿ ತಿರುವಿದೆ. ಹಗ್ಗ ಬಿಗಿಯಾಯಿತು. ಜೀವಿತಾ ಕೈ ಮಡಚಲಿಲ್ಲ. ಕೂತೇ ಇದ್ದಳು, ಕೂತೇ ಇದ್ದಳು, ನೋಡುತ್ತಿದ್ದಂತೆ ನಿಂತಿದ್ದಳು! ಹಲಗೆಯ ಎರಡೂ ಬದಿಗೆ ನೀರು ಸೀಳಿಕೊಂಡು, ಬಾಯಿ ಅಗಲಿಸಿಕೊಂಡು, ನೆಟ್ಟಗೆ ನನ್ನ ಕಡೆಗೇ ಬಂದಳು. ಅವಳ ಹಿಂದೆ, ಸೊಂಟದ ಮಟ್ಟದ ನೀರಿನಲ್ಲಿ, ಬಸವಕುಮಾರ್ ಎರಡೂ ಕೈ ಮೇಲೆತ್ತಿ ಕೂಗುತ್ತಿದ್ದ. ನಾನೂ ಕೂಗುತ್ತಿದ್ದೆ.

ಮುಂದಿನ ಭಾನುವಾರ ಅವನು ತಾಯಿ ದ್ರಾಕ್ಷಾಯಣಮ್ಮನವರನ್ನು ಕರೆದುಕೊಂಡು ಬಂದ. ಆಕೆ ಜೀವಿತಾಳ ಕೆನ್ನೆ ಸವರಿ, "ನಿಂದೇನೂ ತಪ್ಪಿಲ್ಲ ಕಣವ್ವ, ಕೇಳ್ದೆ ಇದ್ದ ನಂದೇ ತಪ್ಪು," ಎಂದರು. ಕೇಸರಿಬಾತ್ ಆಯಿತು. ಅಪ್ಪ ನನ್ನ ಕಡೆ ತಿರುಗಿದರು. "ಏನವ್ವ, ಒಪ್ಗೇನಾ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ತಿಳಿಸ್ತೀವಿ," ಎಂದೆ.

ಬಸವಕುಮಾರನ ಕೈಯ ಚಮಚ ತಟ್ಟೆಗೂ ಬಾಯಿಗೂ ನಡುವೆ ನಿಂತಿತು. ಅವನ ಮುಖದ ಬಣ್ಣ ಇಳಿಯುವುದನ್ನು ಕಣ್ತುಂಬ ನೋಡಿದೆ. ಒಂದು ವರ್ಷಕ್ಕೆ ಅಷ್ಟಾದರೂ ಬೇಡವೇ? ಆಮೇಲೆ ಎದ್ದು, ಯಾರನ್ನೂ ಕಳಿಸದೆ ನಾನೇ ಒಳಗೆ ಹೋಗಿ, ತಾಂಬೂಲದ ಕಾಯಿಯನ್ನು ಆರಿಸಿಕೊಂಡು ಬಂದೆ. ಅದನ್ನು ದ್ರಾಕ್ಷಾಯಣಮ್ಮನವರ ಮಡಿಲಿಗೆ ಹಾಕುವ ಮೊದಲು ಅವನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಒಳಗೆ ನೀರು ತುಳುಕಿತು.

"ತಿಳೀತಾ?" ಎಂದೆ.

ಅವನ ಕಿವಿ ಕೆಂಪಗಾಗಿತ್ತು. "ಸರಿಯಾಗಿ ಕೇಳಿಸ್ಲಿಲ್ಲ," ಎಂದು ಇನ್ನಷ್ಟು ಹತ್ತಿರಕ್ಕೆ ಬಾಗಿದ. "ಇನ್ನೊಂದ್ಸಲ ತಿಳ್ಸಿ."