ಪುಟ್ಟಗೌರಮ್ಮನ ಕೆನ್ನೆಯ ಬೊಟ್ಟು

"ಪಟ ಎಲ್ಲಾ ಒರೆಸ್ರಿ, ಕೆನ್ನೆ ಮ್ಯಾಲಿನ ಮಸಿ ಬೊಟ್ಟು ಮಾತ್ರ ಮುಟ್ಟಬ್ಯಾಡ್ರಿ," ಎಂದಳು ಆ ಮನೆಯ ಹಿರಿಯಾಕೆ ದೊಡ್ಡಕ್ಕ. ಸೌದೆ ಸೀಳುತ್ತಿದ್ದವಳು ಮಚ್ಚು ಹಿಡಿದೇ ಅಟ್ಟ ಹತ್ತಿದ್ದಳು. "ಪಟದಾಗಿನ ಆಯಮ್ಮನ ಚೆಲುವು ಕಂಡು ಹೊಟ್ಟೆಕಿಚ್ಚಿಗೆ ಸವತಿ ಮಾಟ ಮಾಡ್ಸಿದ್ಲು. ಅದರಿಂದ ಕಟ್ಟಿಕೊಂಡ ಗಂಡನೇ ಮಕ ಕೊಯ್ದು ಕೊಂದ. ಆ ಮಾಟಾನ ಬೊಟ್ಟಿನಡಿ ಕಟ್ಟಿ ಹಾಕ್ಯಾರೆ. ಅಮಾಸೆ ಅಮಾಸೆಗೆ ನಾವು ಹಚ್ತೀವಿ."

ಪರಶುರಾಮ್ ಗೊಳ್ಳೆಂದು ನಕ್ಕ. ಹಳೆಯ ಚಿತ್ರಗಳ ಕೊಳೆ ತೆಗೆದು ಸರಿಮಾಡುವುದು ಅವನ ಕಸುಬು. ಹೆಂಡತಿ ಅಕ್ಷಿತಾಳೊಂದಿಗೆ ದಾವಣಗೆರೆಯಿಂದ ಸಂತೇಬೆನ್ನೂರಿಗೆ ಬಂದಿದ್ದ. "ಕೇಳಿದ್ಯೇನೆ? ಮಸಿಯೊಳಗೆ ಮಾಟ ಅಂತೆ!" ಕೇಳುವ ಕಿವಿ ಎಲ್ಲಿತ್ತು ಆ ಮಹಾರಾಯನಿಗೆ!

ನೂರು ವರ್ಷದ ಹಿಂದಿನ ತೈಲಚಿತ್ರ. ಕುರ್ಚಿಯ ಮೇಲೆ ಕೈಯೂರಿ ನಿಂತ ಪುಟ್ಟಗೌರಮ್ಮ. ಲೇಸಿನ ಕುಪ್ಪಸ, ಜರಿಸೀರೆ, ಕಿವಿಯಲ್ಲಿ ಮುತ್ತಿನ ಬುಗುಡಿ. ಎಂಥ ಗತ್ತು! ಅಂಥ ಮುಖಕ್ಕೆ ಹೆಬ್ಬೆರಳಗಲ ಮಸಿ. ಹಾಗೇ ಬಿಡಲು ಅವನಿಗೆ ಮನಸ್ಸು ಬರಲಿಲ್ಲ. ದೊಡ್ಡಕ್ಕ ಕೆಳಗಿಳಿದದ್ದೇ ತಡ, ಬಿಸಿಲು ಬೀಳದಂತೆ ಕಿಟಕಿ ಮುಚ್ಚಿದ. ಕತ್ತಲೆಯ ತುಂಬ ಟರ್ಪೆಂಟೈನಿನ ಘಾಟು, ಇಲಿಹಿಕ್ಕೆಯ ನಾತ. ಅಕ್ಷಿತಾ ಟಾರ್ಚ್ ಹಿಡಿದಳು. ಅವನು ಟರ್ಪೆಂಟೈನಿನಲ್ಲಿ ಅದ್ದಿದ ಹತ್ತಿಯಿಂದ ಬೊಟ್ಟು ಒರೆಸಿದ. ಗಟ್ಟಿಯಾಗಿ ಕೂತ ಮಸಿಯನ್ನು ಸಣ್ಣ ಚಾಕುವಿನಿಂದ ಕೆರೆದ.

ಮಸಿಯಡಿ ಬಣ್ಣವಿರಲಿಲ್ಲ. ಸೀಳಿದ ಮಾಂಸವಿತ್ತು. ಹಸಿ ರಕ್ತದ ವಾಸನೆ ಮೂಗಿಗೆ ಬಡಿಯಿತು. ಚಾಕು ಬಿಸಾಡಲು ಹೋದ. ಬೆರಳು ಬಿಚ್ಚಲಿಲ್ಲ. ಕೈ ತಾನಾಗಿ ತಿರುಗಿತು. ಅಕ್ಷಿತಾಳ ಕಡೆಗೆ.

"ಏನ್ರೀ ಇದು... ಬಿಡ್ರೀ!"

"ಓಡೇ! ಕೈ ನನ್ನ ಮಾತು ಕೇಳ್ತಿಲ್ಲ, ಓಡು!"

ಟಾರ್ಚ್ ಬಿತ್ತು. ಚಾಕು ಅವಳ ಕೆನ್ನೆಗಿಳಿಯಿತು. ಕಿರುಚಿದಳು. ಅವನು ಎಡಗೈಯಿಂದ ಬಲಗೈ ಜಗ್ಗಿದ. ಕಚ್ಚಿದ. ಹಲ್ಲಿಗೆ ಮೂಳೆ ತಾಗಿತು. ಕೈ ನಿಲ್ಲಲಿಲ್ಲ. ಮತ್ತೆ ಎದ್ದಿತು, ಅವಳ ಕತ್ತಿನ ಕಡೆಗೆ. ದಡದಡ ಮೆಟ್ಟಿಲ ಸದ್ದು. ದೊಡ್ಡಕ್ಕ. ಮಚ್ಚು ಬೀಸಿದಳು. ಮಣಿಕಟ್ಟಿನಿಂದ ಕೈ ಬೇರಾಯಿತು. ನೆಲಕ್ಕೆ ಬಿದ್ದರೂ ಆ ಬೆರಳುಗಳು ಚಾಕು ಬಿಡಲಿಲ್ಲ.

ದೊಡ್ಡಕ್ಕ ಅವನ ತೋಳಿಗೆ ಸೆರಗು ಹರಿದು ಬಿಗಿದಳು. ಓಡಿಹೋಗಿ ಒಲೆಯ ಮಸಿ ತಂದು ಅಕ್ಷಿತಾಳ ಗಾಯಕ್ಕೆ ಒತ್ತಿದಳು. ಚಿತ್ರದ ಕೆನ್ನೆ ಆಗ ನುಣ್ಣಗಾಗಿತ್ತು.

"ಪಟದಾಗಿನ ಮಾಟ ಇವಳ ಮ್ಯಾಲೆ ಬಂತಲ್ಲಪ್ಪೋ! ಇನ್ನು ಅಮಾಸೆ ಅಮಾಸೆಗೆ ಇವಳಿಗೆ ಹಚ್ಚಬೇಕು. ಒರೆಸಿದೋನೇ ಹಚ್ಚಬೇಕು."

ಪ್ರತಿ ಅಮಾವಾಸ್ಯೆಗೂ ಹಚ್ಚುತ್ತಾನೆ, ಉಳಿದ ಎಡಗೈಯಲ್ಲಿ. ಅಕ್ಷಿತಾ ಕೆನ್ನೆ ಒಡ್ಡಿ ಕೂರುತ್ತಾಳೆ, ರೆಪ್ಪೆ ಮಿಟುಕಿಸುವುದಿಲ್ಲ. ಅವನ ಬೆರಳು ಅವಳ ಮುಖದ ಹತ್ತಿರ ಬಂದಾಗ, ದೊಡ್ಡಕ್ಕ ಕೊಟ್ಟ ಮಚ್ಚನ್ನು ಅವನ ಮಣಿಕಟ್ಟಿನ ಮೇಲೆ ಎತ್ತಿ ಹಿಡಿದಿರುತ್ತಾಳೆ.