ಮೂಗಿನ ಪಕ್ಕದ ಮೊಡವೆ

ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಪಾಠ ಹೇಳುವ ಅವಳು ತನ್ನ ಕೋಣೆಯ ಬಾಗಿಲು ತೆರೆದವಳೇ ದಂಗಾಗಿ ನಿಂತಳು. ಎದುರಿಗೆ ಅವಳ ಪುಸ್ತಕಕ್ಕೆ ಚಿತ್ರ ಬರೆಯುತ್ತಿದ್ದ ಚಿತ್ರಕಾರ. ಇಸ್ತ್ರಿ ಮಾಡಿದ ಅಂಗಿ, ನೀಟಾಗಿ ಬಾಚಿದ ಕ್ರಾಪು. ಎಡಗಣ್ಣು ಮಾತ್ರ ಊದಿಕೊಂಡು ಅರ್ಧ ಮುಚ್ಚಿಹೋಗಿತ್ತು.

"ಕಣ್ಣಿಗೇನಾಯ್ತು?"

"ಏನಿಲ್ಲ ಮೇಡಂ, ಮೂಗಿನ ಪಕ್ಕ ಒಂದು ಮೊಡವೆ ಎದ್ದಿತ್ತು. ಮೊನ್ನೆ ಹಿಂಡಿಬಿಟ್ಟೆ. ಕೊನೇ ಚಿತ್ರ ತಂದಿದ್ದೀನಿ, ನೋಡಿ."

ಮೇಜಿನ ಮೇಲೆ ಅವನು ಹರಡಿದ ಹಾಳೆಯಲ್ಲಿ ಕಣ್ಣುಗೂಡಿನ ರಕ್ತನಾಳಗಳು ನೀಲಿ ಬಣ್ಣದಲ್ಲಿದ್ದವು. ಮೂಗಿನ ಪಕ್ಕದಿಂದ ಹೊರಟು, ಕಣ್ಣಿನ ಒಳಮೂಲೆ ಹತ್ತಿ, ಕಣ್ಣುಗುಡ್ಡೆಯ ಮೇಲೆ ಹಾದು, ಹಿಂದೆ ಮಿದುಳಿನ ಬುಡ ಸೇರುವ ದಾರಿ. ಈ ಮಹಾಶಯ ಅದನ್ನು ಆರು ತಿಂಗಳಲ್ಲಿ ಹದಿನೇಳು ಸಲ ಬರೆದಿದ್ದ. ತಿದ್ದುವಂಥ ತಪ್ಪೇ ಇಲ್ಲದಾಗಲೂ ಅವಳು ಇನ್ನೊಮ್ಮೆ ಬರೆಸಿದ್ದಳು. ಅವನು ಮತ್ತೆ ಬರಬೇಕಲ್ಲ!

"ಬುದ್ಧಿ ಇದೆಯಾ ನಿನಗೆ? ಅಲ್ಲಿ ಹಿಂಡಿದರೆ ಸೋಂಕು ಎಲ್ಲಿಗೆ ಹೋಗುತ್ತೆ? ನೀನೇ ಬರೆದಿದ್ದೀಯಲ್ಲ!"

ಅವನು ಹಾಳೆ ನೋಡಿದ. ಮುಖ ಬಿಳಿಚಿಕೊಂಡಿತು. "ಅಯ್ಯೋ, ಇದೆಲ್ಲ ನನ್ನ ಮುಖದಲ್ಲೂ ಇದೆ ಅಂತ ಹೊಳೀಲೇ ಇಲ್ಲ."

"ಹಿಂಡಿದ್ದಾದರೂ ಯಾಕೆ?"

"ಇವತ್ತಿಗೆ ಕೆಲಸ ಮುಗೀತು. ಇನ್ನು ಬರೋಕೆ ನೆಪ ಇಲ್ಲ. ನನ್ನನ್ನ ಮದುವೆ ಆಗ್ತೀರಾ ಅಂತ ಇವತ್ತೇ ಕೇಳಿಬಿಡೋಣ ಅಂತಿದ್ದೆ. ಅಷ್ಟು ದೊಡ್ಡ ಮೊಡವೆ ಇಟ್ಕೊಂಡು ಹೇಗೆ ಕೇಳೋದು?"

ಅವಳು ಅವನ ತೋಳು ಹಿಡಿದು ದರದರನೆ ಎಳೆದುಕೊಂಡು ಆಸ್ಪತ್ರೆಗೆ ಹೊರಟಳು.

ಟ್ಯಾಕ್ಸಿಯಲ್ಲಿ ಕೇಳಿದ್ದನ್ನೇ ಕೇಳಿದಳು. "ತಲೆ ನೋಯ್ತಿದೆಯಾ? ಎರಡೆರಡು ಕಾಣುತ್ತಾ?"

"ನೀವು ಒಬ್ಬರೇ ಕಾಣ್ತಿದ್ದೀರಿ," ಎಂದು ನಗಲು ಹೋಗಿ ಅವನು ನೋವಿಗೆ ಮುಖ ಕಿವುಚಿದ.

ಸ್ಕ್ಯಾನ್ ಮುಗಿಯುವವರೆಗೆ ಅವಳು ಬಾಗಿಲ ಮುಂದೆ ಶತಪಥ ಹಾಕಿದಳು. ಡಾಕ್ಟರು ಹೊರಗೆ ಬಂದು, "ಸದ್ಯ, ಸೋಂಕು ಹಿಂದಕ್ಕೆ ಹಬ್ಬಿಲ್ಲ. ಕಣ್ಣು ಉಳಿಯುತ್ತೆ. ಇನ್ನೂ ತಡ ಮಾಡಿದ್ದರೆ ಜೀವಕ್ಕೇ ಬರ್ತಿತ್ತು," ಎಂದರು.

ವಾರ್ಡಿನಲ್ಲಿ ನರ್ಸ್ ಫಾರಂ ಹಿಡಿದು ಬಂದಳು. "ಪೇಷಂಟ್ ಕಡೆಯವರು ಯಾರು? ನೀವು ಇವರಿಗೆ ಏನಾಗಬೇಕು?"

ಕೈಗೆ ಡ್ರಿಪ್ ಹಾಕಿಸಿಕೊಂಡು ಮಲಗಿದ್ದವನು ತೆರೆದಿದ್ದ ಒಂದೇ ಕಣ್ಣಿನಲ್ಲಿ ಅವಳನ್ನೇ ನೋಡುತ್ತಿದ್ದ.

"ಹೆಂಡತಿ," ಎಂದಳು ಅವಳು. "ಬರೆದುಕೊಳ್ಳಿ."

ಹೇಳಿದ ಮೇಲೆ ಅವಳೇ ಬೆಚ್ಚಿಬಿದ್ದಳು. ಇನ್ನು ಅವನೋ, ಊದಿದ ಕಣ್ಣನ್ನೂ ಬಿಟ್ಟು ನೋಡಿದ.